ಎಫ್‌1 ಒತ್ತಿದವರ ಕಷ್ಟ ಅರಿತು ಬರೆ

ಮಗೂ, ಪತ್ತಿನ ಸಹಕಾರ ಸಂಘಗಳಿಗೆಂದು ನಿಮ್ಮ ಕಂಪನಿ ಮಾಡುತ್ತಿರುವ ತಂತ್ರಾಂಶಕ್ಕೆ ಹೆಲ್ಪ್ ಸೇರಿಸುವ ಕೆಲಸ ನಿನ್ನ ಪಾಲಿಗೆ ಬಂದಿದೆಯೆಂದು ನಿಮ್ಮಪ್ಪ ಹೇಳಿದ. “ಕೋಡ್ ಬರೆಯಲು ಸೇರಿದವಳಿಗೆ ಇದೆಂಥ ಕೆಲಸ ಅಂಟಿಸಿದರು” ಎಂದು ನೀನು ಮುಖ ಊದಿಸಿಕೊಂಡಿರುವುದನ್ನೂ ಹೇಳಿದ. ಹೆಲ್ಪ್ ಬರೆದೇ ಅನ್ನ ತಿಂದವನು ನಿನ್ನ ದೊಡ್ಡಪ್ಪ. ಆ ಸಲಿಗೆಯಲ್ಲಿ ನಾಲ್ಕು ಮಾತು ಹೇಳುತ್ತೇನೆ, ಕೇಳು. ಇದು ಸಣ್ಣ ಕೆಲಸವಲ್ಲ. ಮನಸ್ಸಿಟ್ಟು ಮಾಡಿದರೆ ನಿಮ್ಮ ತಂತ್ರಾಂಶ ಎಲ್ಲಿ ನೆಟ್ಟಗಿದೆ, ಎಲ್ಲಿ ಸೊಟ್ಟಗಿದೆ ಎಂಬುದು ಕಂಪನಿಯಲ್ಲಿ ಮಿಕ್ಕವರಿಗಿಂತ ಮೊದಲು ನಿನಗೇ ತಿಳಿಯುತ್ತದೆ.

ಒಂದು ಸಂಗತಿಯನ್ನು ಮೊದಲೇ ತಲೆಯಲ್ಲಿಟ್ಟುಕೋ. ತಂತ್ರಾಂಶ ಕಲಿಯೋಣವೆಂದು ಯಾರೂ ಹೆಲ್ಪ್ ತೆರೆಯುವುದಿಲ್ಲ. ಸಂಘದ ಕೌಂಟರಿನ ಮುಂದೆ ಸದಸ್ಯರೊಬ್ಬರು ಪಾಸ್‌ಬುಕ್ ಹಿಡಿದು ನಿಂತಿರುತ್ತಾರೆ, ಅವರ ಹಿಂದೆ ಇನ್ನೂ ಮೂವರು. ಗುಮಾಸ್ತರು ಸಾಲದ ಅರ್ಜಿಯನ್ನು ಅರ್ಧ ತುಂಬಿ ಒಂದು ಫೀಲ್ಡಿನ ಎದುರು ಸಿಕ್ಕಿಕೊಂಡಿರುತ್ತಾರೆ. ಅವರಿಗೆ ಆಗ ಬೇಕಾದದ್ದು ಆ ಒಂದು ಫೀಲ್ಡ್ ದಾಟುವ ದಾರಿ ಮಾತ್ರ. ಐಬಿಎಂನಲ್ಲಿ ಸಂಶೋಧಕರಾಗಿದ್ದ ಜಾನ್ ಕ್ಯಾರಲ್ ಮತ್ತು ಮೇರಿ ಬೆತ್ ರಾಸನ್ 1987ರಲ್ಲೇ ಇದನ್ನು ಬರೆದಿಟ್ಟರು: ಕೈಪಿಡಿ ಓದಿದರೆ ಮುಂದೆ ಸಮಯ ಉಳಿಯುತ್ತದೆಂದು ಗೊತ್ತಿದ್ದರೂ ಜನ ಓದುವುದಿಲ್ಲ, ಕೈಯಲ್ಲಿರುವ ಕೆಲಸ ಮುಗಿಸಲು ಹೊರಡುತ್ತಾರೆ. ಇದನ್ನು ಜನರ ಸೋಮಾರಿತನವೆಂದು ಬೈಯಬೇಡ. ಕೆಲಸ ಇರುವವರು ಹಾಗೇ ಇರುತ್ತಾರೆ.

ಹಾಸನದ ಬಸ್ ನಿಲ್ದಾಣದಲ್ಲಿ “ಬೇಲೂರಿನ ಬಸ್ಸು ಎಲ್ಲಿ ನಿಲ್ಲುತ್ತೆ?” ಎಂದು ಕೇಳಿದವರ ಕೈಗೆ ಇಡೀ ರಾಜ್ಯದ ವೇಳಾಪಟ್ಟಿ ಕೊಟ್ಟರೆ ಹೇಗಿರುತ್ತದೆ ಹೇಳು? ಎಫ್‌1 ಒತ್ತಿದ ಕೂಡಲೇ ಕೈಪಿಡಿಯ ಮೊದಲ ಪುಟ ತೆರೆದು, ವಿಷಯಸೂಚಿ ತೋರಿಸಿ, “ಹುಡುಕಿಕೊಳ್ಳಿ” ಎನ್ನುವ ತಂತ್ರಾಂಶ ಮಾಡುವುದು ಅದನ್ನೇ. ಕೇಳುವವರು ಎಲ್ಲಿದ್ದಾರೆಂದು ಅವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಯಾವ ಪರದೆ, ಯಾವ ಫೀಲ್ಡ್, ಲಾಗಿನ್ ಆದವರು ಗುಮಾಸ್ತರೋ ಕಾರ್ಯದರ್ಶಿಯೋ, ಈಗಷ್ಟೇ ಯಾವ ದೋಷ ಬಂತು ಎಂಬುದೆಲ್ಲ ನಿನ್ನ ಕೋಡಿಗೆ ಗೊತ್ತೇ ಇದೆ. ಆ ತಿಳಿವನ್ನು ಬಳಸಿಕೊಂಡು ಸರಿಯಾದ ನಾಲ್ಕು ಸಾಲನ್ನು ಅಲ್ಲೇ ತೋರಿಸುವುದೇ ಸಂದರ್ಭಕ್ಕೆ ತಕ್ಕ ಸಹಾಯ.

ಇನ್ನು ಬರೆಯುವ ರೀತಿಗೆ ಬರೋಣ. ಪ್ರತಿ ಫೀಲ್ಡಿಗೂ ಹೆಲ್ಪ್ ಬೇಕೆಂದು ಮ್ಯಾನೇಜರು ಪಟ್ಟಿ ಕೊಟ್ಟಾಗ ಎಲ್ಲರೂ ಹಿಡಿಯುವ ದಾರಿ ಒಂದಿದೆ. “ಸದಸ್ಯರ ಸಂಖ್ಯೆ: ಇಲ್ಲಿ ಸದಸ್ಯರ ಸಂಖ್ಯೆಯನ್ನು ನಮೂದಿಸಿ.” “ಶಾಖೆಯ ಹೆಸರು: ಇಲ್ಲಿ ಶಾಖೆಯ ಹೆಸರನ್ನು ನಮೂದಿಸಿ.” ಹೀಗೆ ಮುನ್ನೂರು ಫೀಲ್ಡಿಗೆ ಬರೆದು “ಹೆಲ್ಪ್ ಮುಗಿಯಿತು” ಎಂದು ಟಿಕೆಟ್ ಮುಚ್ಚಬಹುದು. ಆದರೆ ಫೀಲ್ಡಿನ ಹೆಸರನ್ನೇ ಎರಡನೇ ಸಲ ಹೇಳಿದ ಸಾಲಿನಿಂದ ಯಾರಿಗೂ ಕಾಸಿನ ಪ್ರಯೋಜನವಿಲ್ಲ. ಅಂಥದ್ದನ್ನು ಎರಡು ಸಲ ನೋಡಿದವರು ಮೂರನೇ ಸಲ ಎಫ್‌1 ಒತ್ತುವುದೇ ಇಲ್ಲ. ಆಮೇಲೆ ನೀನು ನಿಜವಾಗಿ ಒಳ್ಳೆಯದನ್ನು ಬರೆದಿಟ್ಟ ಕಡೆಗೂ ಅವರು ಬರುವುದಿಲ್ಲ.

ಒಂದು ಫೀಲ್ಡಿನ ಮುಂದೆ ಹುಟ್ಟುವ ಪ್ರಶ್ನೆಗಳು ಹೆಚ್ಚೇನಿಲ್ಲ. ಇದನ್ನು ಎಲ್ಲಿಂದ ನೋಡಿ ಬರೆಯಲಿ? ಯಾವ ರೀತಿ ಬರೆದರೆ ಒಪ್ಪುತ್ತದೆ? ಖಾಲಿ ಬಿಟ್ಟರೆ ಏನಾಗುತ್ತದೆ? ಇದನ್ನು ಒತ್ತಿದ ಮೇಲೆ ಹಿಂದಕ್ಕೆ ಬರಬಹುದೇ? ಇವುಗಳಲ್ಲಿ ಯಾವುದು ಆ ಫೀಲ್ಡಿಗೆ ಅನ್ವಯಿಸುತ್ತದೋ ಅದಕ್ಕೆ ಮಾತ್ರ ಉತ್ತರ ಬರೆ. ಯಾವುದೂ ಅನ್ವಯಿಸದಿದ್ದರೆ ಏನನ್ನೂ ಬರೆಯಬೇಡ. “ಉಳಿಸಿ” ಗುಂಡಿಗೆ ಹೆಲ್ಪ್ ಬೇಡ.

ಉದಾಹರಣೆಗೆ ಐಎಫ್‌ಎಸ್‌ಸಿ ಕೋಡ್ ತೆಗೆದುಕೋ. “ಇಲ್ಲಿ ಐಎಫ್‌ಎಸ್‌ಸಿ ನಮೂದಿಸಿ” ಎಂದರೆ ಏನೂ ಹೇಳಿದಂತಾಗಲಿಲ್ಲ. “11 ಅಕ್ಷರಗಳ ಕೋಡ್. ಪಾಸ್‌ಬುಕ್ಕಿನಲ್ಲೂ ಚೆಕ್ಕಿನ ಮೇಲೂ ಅಚ್ಚಾಗಿರುತ್ತದೆ. ಐದನೆಯದು ಯಾವಾಗಲೂ ಸೊನ್ನೆ, ಇಂಗ್ಲಿಷಿನ ಓ ಅಕ್ಷರವಲ್ಲ” ಎಂದರೆ ಅರ್ಧ ತಪ್ಪು ಅಲ್ಲೇ ನಿಂತಿತು. ಪ್ಯಾನ್ ಸಂಖ್ಯೆಯಾದರೆ ಮೊದಲು ಐದು ಅಕ್ಷರ, ಆಮೇಲೆ ನಾಲ್ಕು ಅಂಕಿ, ಕೊನೆಗೊಂದು ಅಕ್ಷರ. ವ್ಯಕ್ತಿಯ ಹೆಸರಿನ ಪ್ಯಾನ್ ಆದರೆ ನಾಲ್ಕನೆಯ ಅಕ್ಷರ ಪಿ. ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ. ಮೊದಲೆರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29, ಅದರ ಹಿಂದೆಯೇ ಹತ್ತು ಅಕ್ಷರದ ಪ್ಯಾನ್. ಬೆಳೆಸಾಲದ ಪರದೆಯಲ್ಲಿ ಸರ್ವೆ ನಂಬರ್ ಮತ್ತು ಹಿಸ್ಸಾ ಬೇರೆ ಬೇರೆ ಫೀಲ್ಡ್ ಆಗಿದ್ದರೆ, “ಪಹಣಿಯಲ್ಲಿ 45/2 ಎಂದಿದ್ದರೆ ಇಲ್ಲಿ 45 ಬರೆಯಿರಿ, 2 ಅನ್ನು ಹಿಸ್ಸಾದಲ್ಲಿ ಬರೆಯಿರಿ” ಎಂಬ ಒಂದೇ ಸಾಲು ಸಾಕು. ಈ ಸಾಲುಗಳನ್ನು ಬರೆಯಲು ಭಾಷಾ ಪಾಂಡಿತ್ಯ ಬೇಡ. ಜನ ಎಲ್ಲಿ ಎಡವುತ್ತಾರೆಂದು ಗೊತ್ತಿರಬೇಕು.

ಪದಗಳ ವಿಷಯದಲ್ಲೂ ಹಾಗೆಯೇ. ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಹಕಾರ ಸಂಘ ಶುರುವಾದ ನಾಡು ನಮ್ಮದು. ಕಂತು, ಬಾಕಿ, ಸುಸ್ತಿ, ಜಾಮೀನುದಾರ, ಷೇರು, ಠೇವಣಿ ಎಂಬ ಮಾತುಗಳು ನಿನ್ನ ತಂತ್ರಾಂಶಕ್ಕಿಂತ ಎಷ್ಟೋ ಹಳೆಯವು. ಗುಮಾಸ್ತರು “ಸುಸ್ತಿ” ಎನ್ನುವಾಗ ನೀನು ಹೆಲ್ಪಿನಲ್ಲಿ “ಅವಧಿ ಮೀರಿದ ಅನಾದಾಯಿತ ಮೊತ್ತ” ಎಂದು ಬರೆದು ಅವರನ್ನು ಹೆದರಿಸಬೇಡ. ಪರದೆಯ ಮೇಲೆ ಯಾವ ಮಾತಿದೆಯೋ ಹೆಲ್ಪಿನಲ್ಲೂ ಅದೇ ಇರಲಿ. ಗುಂಡಿಯ ಮೇಲೆ “ಮಂಜೂರು ಮಾಡಿ” ಎಂದಿದ್ದು ಹೆಲ್ಪಿನಲ್ಲಿ “ಅನುಮೋದನೆ ಗುಂಡಿಯನ್ನು ಕ್ಲಿಕ್ಕಿಸಿ” ಎಂದಿದ್ದರೆ, ಆ ಗುಂಡಿ ಎಲ್ಲಿದೆಯೆಂದು ಹುಡುಕುತ್ತಾ ಕೂರುತ್ತಾರೆ. ಪರದೆಯ ಮಾತೇ ಸರಿಯಿಲ್ಲವೆನಿಸಿದರೆ ಪರದೆಯನ್ನೇ ತಿದ್ದಿಸು. ಕೆಟ್ಟ ಹೆಸರಿಟ್ಟ ಫೀಲ್ಡನ್ನು ಒಳ್ಳೆಯ ಹೆಲ್ಪಿನಿಂದ ಸಮರ್ಥಿಸಿಕೊಳ್ಳುವುದು ನಿನ್ನ ಕೆಲಸವಲ್ಲ. ಹೆಲ್ಪ್ ಬರೆಯುವಾಗ ಒಂದು ಸಾಲಿನಲ್ಲಿ ಹೇಳಲಾಗದೆ ತಿಣುಕಿದೆಯಾದರೆ ತಪ್ಪು ಬಹುಶಃ ಪರದೆಯದೇ ಇರುತ್ತದೆ.

ಯಾವ ಮಾತನ್ನು ಎಲ್ಲಿಡಬೇಕು ಎಂಬುದಕ್ಕೂ ಒಂದು ಲೆಕ್ಕವಿದೆ. ಟೈಪ್ ಮಾಡುವ ಮೊದಲೇ ಗೊತ್ತಿರಬೇಕಾದದ್ದು, ಅಂದರೆ ದಿನಾಂಕ ಬರೆಯುವ ಕ್ರಮ, ಎಷ್ಟು ಅಂಕಿ ಎಂಬಂಥದ್ದು, ಫೀಲ್ಡಿನ ಕೆಳಗೆ ಸದಾ ಕಾಣುವಂತಿರಲಿ. ಫೀಲ್ಡಿನ ಒಳಗೇ ತೆಳುಬಣ್ಣದಲ್ಲಿ ಬರೆದಿಡುವ ಚಾಳಿ ಬೇಡ. ಒಂದಕ್ಷರ ಟೈಪ್ ಮಾಡಿದೊಡನೆ ಅದು ಮಾಯವಾಗುತ್ತದೆ, ಬೇಕಾದಾಗಲೇ ಕಾಣುವುದಿಲ್ಲ. ಒಂದೆರಡು ಸಾಲಿನ ವಿವರಣೆಯನ್ನು ಪಕ್ಕದ ಪ್ರಶ್ನೆಚಿಹ್ನೆಯ ಹಿಂದಿಡು. ಹೆಜ್ಜೆ ಹೆಜ್ಜೆಯಾಗಿ ಹೇಳಬೇಕಾದದ್ದಕ್ಕೆ ಬಲಗಡೆಯ ಪಟ್ಟಿ ಬಳಸು. ಓದುತ್ತಲೇ ಫಾರ್ಮ್ ತುಂಬುವಂತಿರಬೇಕು, ಹೆಲ್ಪ್ ತೆರೆದಾಗ ಫಾರ್ಮ್ ಮುಚ್ಚಿಹೋಗಬಾರದು. ನಿಯಮ, ಹಿನ್ನೆಲೆ, ಉದ್ದದ ಉದಾಹರಣೆಗಳೆಲ್ಲ ಪೂರ್ಣ ಪುಟಕ್ಕೆ. ಅಲ್ಲಿಗೆ ಒಂದು ಕೊಂಡಿ ಕೊಟ್ಟರೆ ಸಾಕು.

ಮೌಸ್ ತಂದಿಟ್ಟಾಗ ಮಾತ್ರ ಕಾಣುವ ಟೂಲ್‌ಟಿಪ್ ನಂಬಿ ಮುಖ್ಯವಾದದ್ದನ್ನು ಬರೆಯಬೇಡ. ಫೋನಿನಲ್ಲಿ ಮೌಸ್ ಎಲ್ಲಿದೆ? ಕೀಬೋರ್ಡಿನಲ್ಲೇ ಓಡಾಡುವವರಿಗೂ ಅದು ಕಾಣುವುದಿಲ್ಲ. ಡಬ್ಲ್ಯುಸಿಎಜಿ ಎಂಬ ಸುಲಭಲಭ್ಯತೆಯ ಮಾರ್ಗಸೂಚಿಯ 2018ರ 2.1ನೇ ಆವೃತ್ತಿಯಲ್ಲಿ ಇದಕ್ಕೆಂದೇ 1.4.13 ಎಂಬ ಅಂಶವಿದೆ. ಹೀಗೆ ತಾನಾಗಿ ತೋರುವ ಪಠ್ಯವನ್ನು ಮೌಸ್ ಕದಲಿಸದೆಯೇ ಮುಚ್ಚಲು ಬರಬೇಕು, ಅದರ ಮೇಲೆ ಮೌಸ್ ಒಯ್ದರೆ ಮಾಯವಾಗಬಾರದು, ಓದುವವರು ಬಿಡುವವರೆಗೂ ನಿಂತಿರಬೇಕು ಎನ್ನುತ್ತದೆ ಅದು. ಸಂದರ್ಭಕ್ಕೆ ತಕ್ಕ ಸಹಾಯ ಇರಬೇಕೆಂಬುದೂ ಅದೇ ಮಾರ್ಗಸೂಚಿಯಲ್ಲಿ 3.3.5ನೇ ಅಂಶವಾಗಿ, ಅತ್ಯುನ್ನತ ಹಂತವಾದ ತ್ರಿವಳಿ ಎ ಮಟ್ಟದಲ್ಲಿದೆ. ಕಣ್ಣು ಕಾಣದ ನೌಕರರು ಸ್ಕ್ರೀನ್ ರೀಡರ್‌ನಿಂದ ಕೆಲಸ ಮಾಡುತ್ತಿರಬಹುದು; ಫೀಲ್ಡಿನ ಕೆಳಗಿನ ಸುಳಿವನ್ನು ಏರಿಯಾ-ಡಿಸ್ಕ್ರೈಬ್ಡ್‌ಬೈ ಮೂಲಕ ಆ ಫೀಲ್ಡಿಗೆ ಕಟ್ಟು, ಫೀಲ್ಡಿಗೆ ಬಂದಾಗ ಸುಳಿವನ್ನೂ ಓದಿ ಹೇಳುತ್ತದೆ.

ಯಾವ ಕೀಲಿ ಎಂಬ ಪ್ರಶ್ನೆಯೂ ಬರುತ್ತದೆ. ಎಫ್‌1 ಅಂದರೆ ಹೆಲ್ಪ್ ಎಂಬುದು ಆಕಾಶದಿಂದ ಇಳಿದ ನಿಯಮವಲ್ಲ. ಡಾಸ್ ಕಾಲದ ವರ್ಡ್‌ಪರ್ಫೆಕ್ಟಿನಲ್ಲಿ ಹೆಲ್ಪ್ ಎಫ್‌3ರಲ್ಲಿತ್ತು, ಎಫ್‌1 ರದ್ದು ಮಾಡುವ ಕೀಲಿಯಾಗಿತ್ತು. 1987ರಲ್ಲಿ ಐಬಿಎಂ ಹೊರತಂದ ಕಾಮನ್ ಯೂಸರ್ ಆಕ್ಸೆಸ್ ಎಂಬ ನಿಯಮಾವಳಿ, ಆಮೇಲೆ ವಿಂಡೋಸ್ ಇದನ್ನು ರೂಢಿಗೆ ತಂದವು. ಬೆಂಗಳೂರಿನ ಟ್ಯಾಲಿಯನ್ನೇ ನೋಡು. ಹಳೆಯ ಟ್ಯಾಲಿ ಇಆರ್‌ಪಿ 9ರಲ್ಲಿ ಎಫ್‌1 ಒತ್ತಿದರೆ ಕಂಪನಿ ಆಯ್ಕೆಯಾಗುತ್ತಿತ್ತು. ಟ್ಯಾಲಿಪ್ರೈಮ್‌ನಲ್ಲಿ ಅದು ಹೆಲ್ಪ್ ಮೆನು ಆಗಿದೆ, ಕಂಟ್ರೋಲ್ ಜೊತೆ ಎಫ್‌1 ಒತ್ತಿದರೆ ತೆರೆದಿರುವ ಪರದೆಗೆ ಸಂಬಂಧಿಸಿದ ಹೆಲ್ಪ್ ಬರುತ್ತದೆ. ನಿಮ್ಮದು ಬ್ರೌಸರಿನಲ್ಲಿ ಓಡುವ ತಂತ್ರಾಂಶವಾದರೆ ಎಫ್‌1 ಬ್ರೌಸರಿನದೇ ಹೆಲ್ಪನ್ನು ತೆರೆಯಬಹುದು. ಅದನ್ನು ತಡೆದು ನಿನ್ನದನ್ನು ತೋರಿಸಬೇಕು. ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಆ ಕೀಲಿ ಧ್ವನಿ ಅಥವಾ ಬೆಳಕು ಹೆಚ್ಚುಕಡಿಮೆ ಮಾಡುತ್ತದೆ. ಆದ್ದರಿಂದ ಕೀಲಿಯ ಜೊತೆಗೆ ಪರದೆಯ ಮೇಲೆ ಕಣ್ಣಿಗೆ ಕಾಣುವ ಪ್ರಶ್ನೆಚಿಹ್ನೆಯೂ ಇರಲಿ, ಎಲ್ಲ ಪರದೆಗಳಲ್ಲೂ ಒಂದೇ ಜಾಗದಲ್ಲಿರಲಿ.

ಈಗ ಕೋಡಿನ ಕಡೆ ಬಾ. ಫೀಲ್ಡಿಗೂ ಹೆಲ್ಪ್ ಪುಟಕ್ಕೂ ನಡುವೆ ಇರುವುದು ಒಂದು ಗುರುತು, ಅಷ್ಟೇ. ಆ ಗುರುತು ಕೆಟ್ಟರೆ ಎಲ್ಲ ಕೆಟ್ಟಿತು. ವಿಂಡೋಸ್ 3.0 ಬಂದ 1990ರಲ್ಲಿ ವಿನ್‌ಹೆಲ್ಪ್ ಬಂತು. ನಾವು ವರ್ಡ್‌ನಲ್ಲಿ ಬರೆದು, ಪುಟದ ಅಡಿಟಿಪ್ಪಣಿಯಲ್ಲಿ ಹ್ಯಾಶ್ ಚಿಹ್ನೆ ಹಾಕಿ ಗುರುತು, ಡಾಲರ್ ಚಿಹ್ನೆ ಹಾಕಿ ಶೀರ್ಷಿಕೆ, ಕೆ ಅಕ್ಷರ ಹಾಕಿ ಹುಡುಕುಪದಗಳನ್ನು ಕೊಡುತ್ತಿದ್ದೆವು. ಆಮೇಲೆ 1997ರಲ್ಲಿ ಎಚ್‌ಟಿಎಂಎಲ್ ಹೆಲ್ಪ್, ಅದರ ಸಿಎಚ್‌ಎಂ ಕಡತ. ವಿಸ್ತಾದಿಂದ ವಿನ್‌ಹೆಲ್ಪನ್ನು ವಿಂಡೋಸಿನ ಜೊತೆ ಕೊಡುವುದೇ ನಿಂತಿತು. 2005ರ ಒಂದು ಭದ್ರತಾ ತಿದ್ದುಪಡಿಯ ನಂತರ ನೆಟ್‌ವರ್ಕ್ ಫೋಲ್ಡರಿನಲ್ಲಿಟ್ಟ ಸಿಎಚ್‌ಎಂ ತೆರೆದರೆ ಎಡಗಡೆ ವಿಷಯಸೂಚಿ ಕಾಣುತ್ತಿತ್ತು, ಬಲಗಡೆ ಪುಟ ಬರುತ್ತಿರಲಿಲ್ಲ. ಕಡತದ ರೂಪಗಳು ಹೀಗೆ ಬಂದು ಹೋಗುತ್ತಿರುತ್ತವೆ. ಉಳಿಯುವುದು ಎರಡೇ: ನೀನು ಬರೆದ ವಾಕ್ಯ ಮತ್ತು ನೀನಿಟ್ಟ ಗುರುತು. ಇವೆರಡನ್ನೂ ಯಾವ ಉಪಕರಣಕ್ಕೂ ಒತ್ತೆ ಇಡಬೇಡ. ಸಾದಾ ಪಠ್ಯ ಕಡತಗಳಲ್ಲಿ, ಕೋಡ್ ಇರುವ ಗಿಟ್ ಭಂಡಾರದಲ್ಲೇ ಇಟ್ಟುಕೋ.

ಗುರುತಿಗೆ ಅಂಕಿ ಕೊಡಬೇಡ, ಹೆಸರು ಕೊಡು. ಅಂಕಿಗಳಾದರೆ ಇಬ್ಬರು ಒಂದೇ ಅಂಕಿ ಬಳಸಿಬಿಡುತ್ತಾರೆ, ಇಲ್ಲವೇ ಪರದೆಗಳನ್ನು ಹೊಸದಾಗಿ ಎಣಿಸಿದಾಗ ಠೇವಣಿಯ ಫೀಲ್ಡಿನಲ್ಲಿ ಎಫ್‌1 ಒತ್ತಿದರೆ ಜಾಮೀನಿನ ಪುಟ ಬರುತ್ತದೆ. ತಪ್ಪು ಪುಟ ಬರುವುದು ಪುಟವೇ ಬರದಿರುವುದಕ್ಕಿಂತ ಕೆಟ್ಟದ್ದು. ಪರದೆಯ ಶೀರ್ಷಿಕೆಯನ್ನೂ ಗುರುತಾಗಿಸಬೇಡ, ಶೀರ್ಷಿಕೆ ನಾಳೆ ಬದಲಾಗುತ್ತದೆ. “ಸಾಲ.ಮಂಜೂರಾತಿ.ಜಾಮೀನುದಾರ” ಎಂಬಂತೆ ಕೆಲಸದ ಮೇಲೆ ಹೆಸರಿಡು. ಗುರುತು ಯಾವ ಪುಟಕ್ಕೆ ಹೋಗುತ್ತದೆಂಬ ಪಟ್ಟಿ ಒಂದೇ ಕಡತದಲ್ಲಿರಲಿ. ಹಲವು ಗುರುತುಗಳು ಒಂದೇ ಪುಟಕ್ಕೆ ಹೋಗಬಹುದು, ತಪ್ಪೇನಿಲ್ಲ. ಜಾಮೀನುದಾರರ ಫೀಲ್ಡಿಗೆ ಪುಟವಿಲ್ಲದಿದ್ದರೆ ಮಂಜೂರಾತಿಯ ಪುಟ, ಅದೂ ಇಲ್ಲದಿದ್ದರೆ ಸಾಲದ ಪುಟ ತೆರೆಯಲಿ. ಖಾಲಿ ಪುಟವನ್ನಂತೂ ಯಾರಿಗೂ ತೋರಿಸಬೇಡ. ಯಾವ ಗುರುತಿಗೆ ಪುಟ ಸಿಗಲಿಲ್ಲವೆಂಬುದನ್ನು ಲಾಗಿನಲ್ಲಿ ಬರೆದಿಡು. ಅದೇ ನಿನ್ನ ಮುಂದಿನ ಕೆಲಸದ ಪಟ್ಟಿ.

ಬಿಲ್ಡ್ ಆಗುವಾಗಲೇ ಪರೀಕ್ಷೆ ನಡೆಯುವಂತೆ ಮಾಡು. ಕೋಡಿನಲ್ಲಿರುವ ಪ್ರತಿ ಗುರುತೂ ಪಟ್ಟಿಯಲ್ಲಿದೆಯೇ, ಪಟ್ಟಿಯಲ್ಲಿರುವ ಪ್ರತಿ ಪುಟವೂ ನಿಜಕ್ಕೂ ಇದೆಯೇ ಎಂದು ನೋಡುವ ಸ್ಕ್ರಿಪ್ಟ್ ಬರೆಯಲು ನಿನಗೆ ಒಂದು ಮಧ್ಯಾಹ್ನ ಸಾಕು. ಆಮೇಲೆ ತಂಡದಲ್ಲಿ ಒಂದು ಕಟ್ಟುಪಾಡು ತಾ: ಪರದೆ ಬದಲಾಯಿಸಿದವರು ಅದೇ ಬದಲಾವಣೆಯ ಜೊತೆ ಹೆಲ್ಪನ್ನೂ ತಿದ್ದಬೇಕು, ಇಲ್ಲದಿದ್ದರೆ ರಿವ್ಯೂ ದಾಟಬಾರದು. “ಹೆಲ್ಪ್ ಆಮೇಲೆ ಮಾಡೋಣ” ಎಂದವರ ಆ “ಆಮೇಲೆ” ಯಾವತ್ತೂ ಬರುವುದಿಲ್ಲ.

ಬದಲಾಗುವ ನಿಯಮಗಳನ್ನು ಕೋಡಿನೊಳಗೆ ಅಂಟಿಸಬೇಡ. ಕರ್ನಾಟಕದಲ್ಲಿ ರೈತರಿಗೆ ಸಹಕಾರ ಸಂಘಗಳ ಮೂಲಕ ಕೊಡುವ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದ್ದು 2023ರಲ್ಲಿ. ಇಂಥ ಅಂಕಿ ಹೆಲ್ಪಿನ ಹತ್ತು ಕಡೆ ಕೈಯಿಂದ ಬರೆದದ್ದಿದ್ದರೆ ಒಂಬತ್ತು ಕಡೆ ತಿದ್ದಿ ಒಂದು ಕಡೆ ಮರೆಯುತ್ತೀರಿ. ಅದನ್ನು ಒಂದೇ ಜಾಗದಲ್ಲಿಟ್ಟು ಉಳಿದ ಕಡೆಗೆ ಅಲ್ಲಿಂದಲೇ ಬರುವಂತೆ ಮಾಡು. ಹಾಗೆಂದು ಎಲ್ಲವನ್ನೂ ಸರ್ವರಿನಲ್ಲಿಟ್ಟು ಕೂರುವುದೂ ಜಾಣತನವಲ್ಲ. ಹೋಬಳಿ ಊರಿನ ಸಂಘದಲ್ಲಿ ಮಳೆ ಬಂದ ದಿನ ನೆಟ್ ಇರುವುದಿಲ್ಲ. ಹೆಲ್ಪಿನ ಒಂದು ಪ್ರತಿ ತಂತ್ರಾಂಶದ ಜೊತೆಗೇ ಇರಲಿ, ನೆಟ್ ಸಿಕ್ಕಾಗ ಹೊಸದನ್ನು ತಂದುಕೊಳ್ಳಲಿ.

ಹೆಲ್ಪೆಂದರೆ ಪ್ರಶ್ನೆಚಿಹ್ನೆಯ ಹಿಂದಿನ ಪಠ್ಯ ಮಾತ್ರವೆಂದು ತಿಳಿಯಬೇಡ. ದೋಷದ ಸಂದೇಶದಷ್ಟು ಹೊತ್ತಿಗೆ ಸರಿಯಾಗಿ ಬರುವ ಹೆಲ್ಪ್ ಇನ್ನೊಂದಿಲ್ಲ, ಅದನ್ನು ಎಲ್ಲರೂ ಓದುತ್ತಾರೆ. “ಅಮಾನ್ಯ ನಮೂದು” ಎಂದು ಗದರಿಸಿ ಸುಮ್ಮನಾಗುವ ಬದಲು, “ಈ ಸದಸ್ಯರ ಷೇರು ಹಣ ಸಾಲಕ್ಕೆ ಬೇಕಾದಷ್ಟಿಲ್ಲ, ಇನ್ನೂ 500 ರೂಪಾಯಿ ಷೇರು ಕಟ್ಟಿಸಿಕೊಂಡು ಮುಂದುವರಿಯಿರಿ” ಎಂದರೆ ಎಫ್‌1 ಒತ್ತುವ ಪ್ರಮೇಯವೇ ಬರುವುದಿಲ್ಲ. ನೀನು ದಿನವೂ ಬಳಸುವ ಗಿಟ್‌ನಲ್ಲಿ ಕಮಿಟ್ ಎಂಬುದರಲ್ಲಿ ಒಂದಕ್ಷರ ಬಿಟ್ಟು ಟೈಪ್ ಮಾಡಿ ನೋಡು. ಅಂಥ ಆಜ್ಞೆಯಿಲ್ಲ ಎಂದಷ್ಟೇ ಹೇಳದೆ, ಇದಕ್ಕೆ ಹತ್ತಿರದ ಆಜ್ಞೆ ಇದು ಎಂದು ಅದು ತೋರಿಸುತ್ತದೆ. ನಿನಗೆ ಸಿಗುತ್ತಿರುವ ಆ ಉಪಕಾರ ಸಂಘದ ಗುಮಾಸ್ತರಿಗೂ ಸಿಗಲಿ. ಹಿಂದಕ್ಕೆ ಬರಲಾಗದ ಕೆಲಸಗಳ ಹತ್ತಿರವಂತೂ ಜಿಪುಣತನ ಮಾಡಬೇಡ. ದಿನದ ಲೆಕ್ಕ ಮುಚ್ಚುವುದು, ಮಾರ್ಚ್ 31ರ ವರ್ಷಾಂತ್ಯ, ಬಡ್ಡಿ ಹಾಕುವುದು, ಇವುಗಳನ್ನು ಒತ್ತಿದ ಮೇಲೆ ಏನಾಗುತ್ತದೆ, ಒತ್ತುವ ಮೊದಲು ಏನನ್ನು ನೋಡಿಕೊಳ್ಳಬೇಕು ಎಂಬುದು ಕೇಳದೆಯೇ ಕಾಣುವಂತಿರಲಿ.

ಅದೊಂದನ್ನು ಬಿಟ್ಟರೆ, ಕರೆಯದೆ ಬರುವ ಸಹಾಯ ಕಿರಿಕಿರಿ. ಆಪಲ್ 1991ರಲ್ಲಿ ಸಿಸ್ಟಮ್ 7ರೊಂದಿಗೆ ಬಲೂನ್ ಹೆಲ್ಪ್ ತಂದಿತು. ಆನ್ ಮಾಡಿದರೆ ಮೌಸ್ ಹೋದಲ್ಲೆಲ್ಲ ಬಲೂನು ಏಳುತ್ತಿತ್ತು. ಮೈಕ್ರೋಸಾಫ್ಟಿನ ಆಫೀಸ್ 97ರಲ್ಲಿ ಕ್ಲಿಪ್ಪಿ ಎಂಬ ಪೇಪರ್ ಕ್ಲಿಪ್ ಬಂದು, ಪತ್ರ ಬರೆಯುತ್ತಿದ್ದವರ ಮಧ್ಯೆ ಬಾಯಿ ಹಾಕುತ್ತಿತ್ತು. 2001ರ ಆಫೀಸ್ ಎಕ್ಸ್‌ಪಿಯಲ್ಲಿ ಅದನ್ನು ಮೊದಲಿಗೇ ಆಫ್ ಮಾಡಿಟ್ಟರು, ಆಫೀಸ್ 2007ರಲ್ಲಿ ತೆಗೆದೇ ಹಾಕಿದರು. ಈಗ ನಿಮ್ಮ ಮ್ಯಾನೇಜರು “ಒಂದು ಎಐ ಚಾಟ್‌ಬಾಟ್ ಹಾಕಿದರೆ ಈ ಹೆಲ್ಪೆಲ್ಲ ಯಾಕೆ?” ಎನ್ನಬಹುದು. ಹಾಕಲಿ, ಬೇಡವೆನ್ನಬೇಡ. ಆದರೆ ಕೇಳುವವರು ಯಾವ ಪರದೆಯಲ್ಲಿದ್ದಾರೆಂದು ಆ ಬಾಟ್‌ಗೂ ನಿನ್ನ ಗುರುತೇ ಹೇಳಬೇಕು, ಸರಿಯಾದ ಉತ್ತರಕ್ಕೆ ನೀನು ಬರೆದ ಪಠ್ಯವೇ ಆಧಾರವಾಗಬೇಕು. ಆಧಾರವಿಲ್ಲದ ಬಾಟ್ ಸಂಘದ ಬೈಲಾದಲ್ಲಿ ಇಲ್ಲದ ನಿಯಮವನ್ನೂ ನಯವಾಗಿ ಹೇಳಿಬಿಡುತ್ತದೆ. ಸದಸ್ಯರ ಹೆಸರು, ಖಾತೆ ಸಂಖ್ಯೆ ಇರುವ ಪರದೆಯನ್ನು ಹಾಗೇ ಹೊರಗಿನ ಸರ್ವರಿಗೆ ಕಳಿಸದಂತೆಯೂ ನೋಡಿಕೋ.

ಮುನ್ನೂರು ಫೀಲ್ಡುಗಳಲ್ಲಿ ಯಾವುದರಿಂದ ಶುರು ಮಾಡಲಿ ಎಂದು ಕೇಳುತ್ತೀಯ. ಅದನ್ನು ನಿಮ್ಮ ಸಪೋರ್ಟ್ ತಂಡದ ಫೋನಿನ ದಾಖಲೆ ಹೇಳುತ್ತದೆ. ಯಾವ ಪ್ರಶ್ನೆಗೆ ಪದೇ ಪದೇ ಕರೆ ಬರುತ್ತದೋ ಮೊದಲ ಹೆಲ್ಪ್ ಅಲ್ಲಿಗೆ. ಅವರು ಫೋನಿನಲ್ಲಿ ಆಡುವ ಮಾತನ್ನೇ ತಿದ್ದಿ ಬರೆದುಕೋ. ಸಾವಿರ ಸಲ ಹೇಳಿ ಹೇಳಿ ಅವರ ಉತ್ತರ ನುಣ್ಣಗಾಗಿರುತ್ತದೆ. ಬರೆದ ಮೇಲೆ ಆಫೀಸಿನಲ್ಲಿ ಯಾರಿಗೋ ತೋರಿಸಿ “ಚೆನ್ನಾಗಿದೆಯಾ?” ಎನ್ನಬೇಡ, ಚೆನ್ನಾಗಿದೆಯೆಂದೇ ಹೇಳುತ್ತಾರೆ. ತಂತ್ರಾಂಶ ನೋಡಿರದ ಒಬ್ಬರಿಗೆ ಕೆಲಸ ಕೊಟ್ಟು, ನೀನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತು, ಅವರು ಎಲ್ಲಿ ನಿಲ್ಲುತ್ತಾರೆಂದು ನೋಡು.

ಇದಕ್ಕೂ ಮೊದಲು ಮಾಡಬೇಕಾದದ್ದು ಒಂದಿದೆ. ಕಂಪನಿಯಲ್ಲಿ ಕೇಳಿ, ನಿಮ್ಮ ತಂತ್ರಾಂಶ ಬಳಸುವ ಯಾವುದಾದರೂ ಸಂಘದ ಕೌಂಟರಿನ ಒಳಗೆ ಅರ್ಧ ದಿನ ಕೂತು ಬಾ. ಗುಮಾಸ್ತರು ಯಾವ ಚೀಟಿಯನ್ನು ಮಾನಿಟರಿನ ಅಂಚಿಗೆ ಅಂಟಿಸಿಕೊಂಡಿದ್ದಾರೆ, ಯಾವುದಕ್ಕೆ ಪಕ್ಕದವರನ್ನು ಕೂಗಿ ಕೇಳುತ್ತಾರೆ ಎಂಬುದನ್ನು ಬರೆದುಕೊಂಡು ಬಾ. ನೀನು ಬರೆಯಬೇಕಾದ ಹೆಲ್ಪ್ ಆ ಚೀಟಿಗಳಲ್ಲೇ ಇದೆ. ಮುನ್ನೂರು ಪುಟ ತುಂಬಿಸಿ ಮ್ಯಾನೇಜರಿಗೆ ಲೆಕ್ಕ ಒಪ್ಪಿಸುವುದಕ್ಕಿಂತ ಮೂವತ್ತು ಫೀಲ್ಡುಗಳಿಗೆ ಸರಿಯಾದ ಉತ್ತರ ಬರೆದು ಕೊಡು. ಸಪೋರ್ಟಿನ ಫೋನು ಕಡಿಮೆ ಬಾರಿ ಹೊಡೆದುಕೊಂಡರೆ ನಿನ್ನ ಹೆಲ್ಪ್ ಗೆದ್ದಂತೆ. ಈ ಕೆಲಸಕ್ಕೆ ಅದಕ್ಕಿಂತ ಬೇರೆ ಅಳತೆಗೋಲಿಲ್ಲ.